ಅದೇ ಅಂಕಿ, ಬೇರೆ ಗಾಳಿ: ಋತುಗಳೊಂದಿಗೆ ಬದಲಾಗುವ ಕಣಗಳ ರಸಾಯನ

ಚಳಿಗಾಲದ ಒಂದು ದಿನ ಮಾಪನ ಕೇಂದ್ರದ ಫಲಕದಲ್ಲಿ ಪಿಎಂ 2.5 ಎದುರಿಗೆ 60 ಎಂದು ಬಂದಿದೆ ಎಂದುಕೊಳ್ಳಿ. ಬೇಸಿಗೆಯ ಇನ್ನೊಂದು ದಿನ ಅದೇ ಕೇಂದ್ರ, ಅದೇ ಯಂತ್ರ, ಅದೇ 60. ಫಲಕದ ಬಣ್ಣವೂ ಒಂದೇ, ಅದರ ಕೆಳಗಿನ ಎಚ್ಚರಿಕೆಯ ಸಾಲೂ ಒಂದೇ. ಆದರೆ ಆ ಎರಡು ದಿನ ನೀವು ಉಸಿರಾಡಿದ ವಸ್ತು ಒಂದೇ ಆಗಿರುವ ಸಾಧ್ಯತೆ ತೀರಾ ಕಡಿಮೆ. ಮೊದಲ ದಿನದ್ದು ಬಹುಪಾಲು ನೈಟ್ರೇಟ್ ಲವಣ ಮತ್ತು ಹೊಗೆಯಾಗಿರಬಹುದು. ಎರಡನೆಯದು ಸಲ್ಫೇಟ್, ಮಣ್ಣಿನ ದೂಳು ಮತ್ತು ಗಿಡಮರಗಳು ಬಿಟ್ಟ ಆವಿಯಿಂದ ಹುಟ್ಟಿದ ಸಾವಯವ (ಇಂಗಾಲ ಆಧಾರಿತ) ಪದಾರ್ಥವಾಗಿರಬಹುದು. ಈ ವ್ಯತ್ಯಾಸ ಏಕೆ ಬರುತ್ತದೆ, ಅದನ್ನು ಮರೆತರೆ ಗಾಳಿ ಶುದ್ಧ ಮಾಡುವ ಪ್ರಯತ್ನ ಹೇಗೆ ದಾರಿ ತಪ್ಪುತ್ತದೆ ಎಂಬುದೇ ಇವತ್ತಿನ ಮಾತು.

ಪಿಎಂ 2.5 ಎಂದರೆ ವ್ಯಾಸ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಕಡಿಮೆ ಇರುವ ಕಣಗಳು. ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರೋಮೀಟರ್. ಫಲಕದ 60 ಎಂಬ ಅಂಕಿಯ ಅರ್ಥ, ಒಂದು ಘನ ಮೀಟರ್ ಗಾಳಿಯಲ್ಲಿ ಅಂಥ ಕಣಗಳೆಲ್ಲ ಸೇರಿ 60 ಮೈಕ್ರೋಗ್ರಾಂ ತೂಗುತ್ತವೆ ಎಂದು. ಗಾತ್ರ ಗೊತ್ತಾಯಿತು, ತೂಕ ಗೊತ್ತಾಯಿತು. ಅವು ಯಾವ ವಸ್ತುವಿನವು ಎಂಬ ಮಾಹಿತಿ ಈ ಎರಡರಲ್ಲೂ ಇಲ್ಲ.

ಅದನ್ನು ತಿಳಿಯಲು ಫಿಲ್ಟರ್ ಬೇಕು. ಸುಮಾರು 4.7 ಸೆಂಟಿಮೀಟರ್ ಅಗಲದ ಒಂದು ದುಂಡು ಹಾಳೆ. ಅದರ ಮೂಲಕ ನಿಮಿಷಕ್ಕೆ 16.7 ಲೀಟರ್‌ನಂತೆ ಇಪ್ಪತ್ನಾಲ್ಕು ಗಂಟೆ ಗಾಳಿ ಎಳೆದರೆ ಒಟ್ಟು 24 ಘನ ಮೀಟರ್ ಹಾದುಹೋಗುತ್ತದೆ. ಗಾಳಿಯಲ್ಲಿ 60 ಇದ್ದರೆ ಹಾಳೆಯ ಮೇಲೆ ಕೂರುವುದು 1.44 ಮಿಲಿಗ್ರಾಂ. ಒಂದು ಇಡೀ ದಿನದ ಮಾಲಿನ್ಯದಲ್ಲಿ ನಮ್ಮ ಕೈಗೆ ಸಿಗುವುದು ಇಷ್ಟೇ. ಇದನ್ನೇ ಪಾಲು ಮಾಡಿ ಒಂದು ತುಂಡನ್ನು ನೀರಿನಲ್ಲಿ ನೆನೆಸಿ ಲವಣಗಳನ್ನು ಅಳೆಯುತ್ತೇವೆ. ಇನ್ನೊಂದು ತುಂಡನ್ನು ಹಂತಹಂತವಾಗಿ ಕಾಯಿಸಿ, ಸಾವಯವ ಇಂಗಾಲ ಎಷ್ಟು ಹೊರಬಂತು, ಉಳಿದ ಕಪ್ಪು ಇಂಗಾಲ ಎಷ್ಟು ಉರಿಯಿತು ಎಂದು ನೋಡುತ್ತೇವೆ. ಲೋಹಗಳಿಗೆ ಎಕ್ಸ್-ಕಿರಣ ಬಳಸುತ್ತೇವೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಚಳಿಗಾಲದ ಫಿಲ್ಟರ್ ಕಪ್ಪಾಗಿರುತ್ತದೆ, ದೂಳಿನ ಕಾಲದ್ದು ಮಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ನೋಡಿದವರು "ಇದೆಲ್ಲ ಮಸಿ" ಎನ್ನುತ್ತಾರೆ. ಮಸಿ ಕಣ್ಣಿಗೆ ಹೊಡೆಯುವಷ್ಟು ತಕ್ಕಡಿಗೆ ಬೀಳುವುದಿಲ್ಲ. ಬಹಳಷ್ಟು ಕಡೆ ಕಪ್ಪು ಇಂಗಾಲ ಒಟ್ಟು ತೂಕದ ಸಣ್ಣ ಪಾಲು ಮಾತ್ರ. ದೊಡ್ಡ ಪಾಲಿನಲ್ಲಿರುವ ಅಮೋನಿಯಂ ಸಲ್ಫೇಟ್, ಅಮೋನಿಯಂ ನೈಟ್ರೇಟ್‌ಗಳು ಅಚ್ಚ ಬಿಳಿ. ಬಿಳಿ ಹಾಳೆಯ ಮೇಲೆ ಅವು ಕಾಣುವುದೇ ಇಲ್ಲ. ಅದಕ್ಕಿಂತ ಮುಖ್ಯವಾದದ್ದು, ಈ ಲವಣಗಳು ಯಾವ ಚಿಮಣಿಯಿಂದಲೂ, ಯಾವ ವಾಹನದ ಕೊಳವೆಯಿಂದಲೂ ಕಣಗಳಾಗಿ ಹೊರಬಂದವಲ್ಲ. ಹೊರಬಂದದ್ದು ಅನಿಲ. ಕಣವಾದದ್ದು ಗಾಳಿಯಲ್ಲಿ. ಇವನ್ನು ದ್ವಿತೀಯಕ ಕಣಗಳು ಎನ್ನುತ್ತೇವೆ. ಋತುವಿನ ಆಟವೆಲ್ಲ ನಡೆಯುವುದು ಮುಖ್ಯವಾಗಿ ಇವುಗಳಲ್ಲಿ.

ರಸಾಯನಕ್ಕೆ ಹೋಗುವ ಮೊದಲು ಒಂದು ಗೊಂದಲ ಕಳೆಯೋಣ. ಚಳಿಗಾಲದಲ್ಲಿ ಕಣಗಳ ಪ್ರಮಾಣ ಏರುವುದಕ್ಕೆ ರಸಾಯನವೇ ಕಾರಣ ಆಗಬೇಕಿಲ್ಲ. ನೆಲಕ್ಕೆ ಅಂಟಿಕೊಂಡಿರುವ ಗಾಳಿಯ ಪದರದಲ್ಲಿ ಮಾಲಿನ್ಯ ಬೆರೆಯುತ್ತದೆ. ಬೇಸಿಗೆಯ ಮಧ್ಯಾಹ್ನ ಆ ಪದರ ಒಂದೆರಡು ಕಿಲೋಮೀಟರ್ ಎತ್ತರಕ್ಕೆ ಉಬ್ಬುತ್ತದೆ. ಚಳಿಗಾಲದ ರಾತ್ರಿ ಕೆಲವು ನೂರು ಮೀಟರ್‌ಗೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಗೆ ಕುಸಿಯುತ್ತದೆ. ಹೊರಸೂಸಿದ್ದು ಅಷ್ಟೇ ಇದ್ದರೂ ಹರಡಲು ಜಾಗವಿಲ್ಲದೆ ಅದು ದಟ್ಟವಾಗುತ್ತದೆ. ಆದರೆ ಹೀಗೆ ಇಕ್ಕಟ್ಟಾದರೆ ಎಲ್ಲ ಘಟಕಗಳೂ ಒಂದೇ ಪಟ್ಟು ಏರಬೇಕಲ್ಲವೇ? ಹಾಗಾಗಿ ನಾವು ಗಾಳಿಯಲ್ಲಿ ಸುಲಭವಾಗಿ ಬದಲಾಗದ ಒಂದು ಪದಾರ್ಥವನ್ನು, ಉದಾಹರಣೆಗೆ ಕಾರ್ಬನ್ ಮಾನಾಕ್ಸೈಡ್ ಅಥವಾ ಕಪ್ಪು ಇಂಗಾಲವನ್ನು, ಅಳತೆಗೋಲಾಗಿ ಇಟ್ಟುಕೊಳ್ಳುತ್ತೇವೆ. ಅದು ಮೂರು ಪಟ್ಟಾಗಿ ನೈಟ್ರೇಟ್ ಹತ್ತು ಪಟ್ಟಾಗಿದ್ದರೆ ಹೆಚ್ಚಿನದು ರಸಾಯನದ ಕೆಲಸ. ಸಲ್ಫೇಟ್ ಎರಡೇ ಪಟ್ಟಾಗಿದ್ದರೆ ಅದರ ತಯಾರಿ ನಿಧಾನವಾಗಿದೆ ಎಂದು ಊಹಿಸಬಹುದು. ಅದಕ್ಕೇ ಒಟ್ಟು ತೂಕಕ್ಕಿಂತ ಪರಸ್ಪರ ಪ್ರಮಾಣಗಳನ್ನು ನೋಡುವ ಅಭ್ಯಾಸ ಒಳ್ಳೆಯದು.

ಈಗ ನೈಟ್ರೇಟ್. ನನ್ನ ಮಟ್ಟಿಗೆ ಈ ಕಥೆಯ ಮುಖ್ಯ ಪಾತ್ರ ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಎಂಜಿನ್ಗಳು, ವಿದ್ಯುತ್ ಸ್ಥಾವರಗಳು, ಕುಲುಮೆಗಳು ನೈಟ್ರೋಜನ್ ಆಕ್ಸೈಡ್‌ಗಳನ್ನು ಬಿಡುತ್ತವೆ. ಹಗಲಿನಲ್ಲಿ, ಬಿಸಿಲಿನಿಂದ ಹುಟ್ಟುವ ಹೈಡ್ರಾಕ್ಸಿಲ್ ಎಂಬ ಅತಿ ಚುರುಕಿನ ಅಣು ನೈಟ್ರೋಜನ್ ಡೈಆಕ್ಸೈಡನ್ನು ನೈಟ್ರಿಕ್ ಆಮ್ಲವಾಗಿಸುತ್ತದೆ. ಈ ಆಮ್ಲ ಇನ್ನೂ ಅನಿಲವೇ. ಅತ್ತ ಹೊಲಗಳಿಗೆ ಹಾಕಿದ ಗೊಬ್ಬರದಿಂದ, ಜಾನುವಾರುಗಳ ಸಗಣಿ-ಗಂಜಲದಿಂದ ಅಮೋನಿಯಾ ಏಳುತ್ತದೆ. ಅದೂ ಅನಿಲ. ಇವೆರಡೂ ಕೂಡಿದರೆ ಅಮೋನಿಯಂ ನೈಟ್ರೇಟ್ ಎಂಬ ಘನ ಲವಣ ಹುಟ್ಟುತ್ತದೆ.

ಆದರೆ ಈ ಕೂಡಿಕೆ ಗಟ್ಟಿಯಲ್ಲ. ಕರ್ಪೂರವನ್ನು ತೆರೆದಿಟ್ಟರೆ ಕರಗಿ ಹರಿಯದೆ ಸುಮ್ಮನೆ ಸವೆದು ಗಾಳಿ ಸೇರುತ್ತದಲ್ಲ, ಅಮೋನಿಯಂ ನೈಟ್ರೇಟ್ ಕೂಡ ಹಾಗೆಯೇ ಬಿಸಿ ತಗುಲಿದರೆ ಮತ್ತೆ ಎರಡು ಅನಿಲಗಳಾಗಿ ಬಿಡಿಬಿಡಿಯಾಗುತ್ತದೆ. ಕಣ ನಿಲ್ಲಬೇಕಾದರೆ ಸುತ್ತಲಿನ ಗಾಳಿಯಲ್ಲಿ ಈ ಎರಡೂ ಅನಿಲಗಳು ಒಂದು ಕನಿಷ್ಠ ಪ್ರಮಾಣದಲ್ಲಿ ಇರಲೇಬೇಕು. ಲೆಕ್ಕದಲ್ಲಿ ಅದು ಎರಡರ ಸಾಂದ್ರತೆಗಳ ಗುಣಲಬ್ಧ. ಒಣ ಗಾಳಿಯಲ್ಲಿ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್‌ನಿಂದ ಸೊನ್ನೆಗೆ ಇಳಿದರೆ ಆ ಗುಣಲಬ್ಧ ಸುಮಾರು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸಾವಿರದಲ್ಲಿ ಒಂದು! ಬೇಸಿಗೆಯಲ್ಲಿ ಅನಿಲವಾಗಿಯೇ ಉಳಿದುಹೋಗುತ್ತಿದ್ದ ಅದೇ ಅಮೋನಿಯಾ, ಅದೇ ನೈಟ್ರಿಕ್ ಆಮ್ಲ ಚಳಿಯಲ್ಲಿ ಬಹುತೇಕ ಪೂರ್ತಿಯಾಗಿ ಕಣವಾಗುತ್ತವೆ. ಹೊರಸೂಸುವಿಕೆ ಒಂದು ಗ್ರಾಂ ಕೂಡ ಹೆಚ್ಚಬೇಕಿಲ್ಲ.

ತೇವಾಂಶವೂ ಇದರ ಜೊತೆಗೂಡುತ್ತದೆ. 25 ಡಿಗ್ರಿಯಲ್ಲಿ ಗಾಳಿಯ ಸಾಪೇಕ್ಷ ತೇವಾಂಶ ಸುಮಾರು 62 ಶೇಕಡಾ ದಾಟಿದರೆ ಅಮೋನಿಯಂ ನೈಟ್ರೇಟ್ ನೀರು ಹೀರಿ ದ್ರಾವಣವಾಗುತ್ತದೆ. ಅಮೋನಿಯಂ ಸಲ್ಫೇಟ್‌ಗೆ ಸುಮಾರು 80 ಬೇಕು. ದ್ರಾವಣವಾದ ಕಣ ಇನ್ನಷ್ಟು ನೈಟ್ರಿಕ್ ಆಮ್ಲವನ್ನು ಒಳಗೆಳೆದುಕೊಳ್ಳುತ್ತದೆ, ಊದಿಕೊಳ್ಳುತ್ತದೆ, ಬೆಳಕನ್ನು ಹೆಚ್ಚು ಚದುರಿಸುತ್ತದೆ. ಚಳಿಗಾಲದ ಮುಂಜಾನೆ ಎದುರಿನ ಕಟ್ಟಡ ಕಾಣದಿರುವುದಕ್ಕೆ ಮಂಜಿನೊಂದಿಗೆ ಈ ನೀರು ಕುಡಿದ ಲವಣಗಳೂ ಪಾಲುದಾರರು.

ಬಿಸಿಲು ಕಡಿಮೆಯಾದರೆ ಹೈಡ್ರಾಕ್ಸಿಲ್ ಕಡಿಮೆಯಾಗಿ ನೈಟ್ರಿಕ್ ಆಮ್ಲವೂ ಕಡಿಮೆಯಾಗಬೇಕಲ್ಲ ಎಂದು ನಿಮ್ಮಲ್ಲಿ ಯಾರಿಗಾದರೂ ಅನಿಸಿದ್ದರೆ ಅದು ನ್ಯಾಯವಾದ ಪ್ರಶ್ನೆ. ಉತ್ತರ ರಾತ್ರಿಯಲ್ಲಿದೆ. ಕತ್ತಲಾದ ಮೇಲೆ ಓಝೋನ್ ಮತ್ತು ನೈಟ್ರೋಜನ್ ಡೈಆಕ್ಸೈಡ್ ಸೇರಿ ನೈಟ್ರೇಟ್ ರ್‍ಯಾಡಿಕಲ್ ಎಂಬುದನ್ನು ಕಟ್ಟುತ್ತವೆ. ಹಗಲಿನಲ್ಲಿ ಅದು ಕೆಲವೇ ಸೆಕೆಂಡುಗಳಲ್ಲಿ ಒಡೆದುಹೋಗುವ ವಸ್ತು. ರಾತ್ರಿ ಮಾತ್ರ ಅದಕ್ಕೆ ಆಯಸ್ಸು. ಅದು ಇನ್ನೊಂದು ನೈಟ್ರೋಜನ್ ಡೈಆಕ್ಸೈಡ್ ಜೊತೆ ಕೂಡಿ ಡೈನೈಟ್ರೋಜನ್ ಪೆಂಟಾಕ್ಸೈಡ್ ಆಗುತ್ತದೆ, ಅದು ಒದ್ದೆ ಕಣದ ಮೇಲ್ಮೈ ಮುಟ್ಟಿದರೆ ನೈಟ್ರಿಕ್ ಆಮ್ಲ. ಚಳಿಗಾಲದ ರಾತ್ರಿ ಉದ್ದ, ಗಾಳಿ ತಂಪು, ಕಣಗಳು ಒದ್ದೆ. ಈ ದಾರಿಗೆ ಮೂರೂ ಅನುಕೂಲ. ಎಷ್ಟೋ ಸಲ ಇದು ನಡೆಯುವುದು ನೆಲಮಟ್ಟದಲ್ಲಲ್ಲ, ಕೆಲವು ನೂರು ಮೀಟರ್ ಮೇಲಿನ ಪದರದಲ್ಲಿ. ಬೆಳಿಗ್ಗೆ ನೆಲ ಕಾದು ಪದರಗಳು ಬೆರೆತಾಗ ರಾತ್ರಿಯಿಡೀ ಮೇಲೆ ತಯಾರಾದ ನೈಟ್ರೇಟ್ ಕೆಳಗಿಳಿದು ಬರುತ್ತದೆ.

ಇಟಲಿಯ ಪೋ ಕಣಿವೆ, ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆ, ಅಮೆರಿಕದ ಸಾಲ್ಟ್ ಲೇಕ್ ಸಿಟಿ, ಉತ್ತರ ಚೀನಾದ ಬಯಲು, ಇವೆಲ್ಲ ಚಳಿಗಾಲದ ನೈಟ್ರೇಟಿಗೆ ಹೆಸರಾದ ಜಾಗಗಳು. ಮೊದಲ ಎರಡು ಕಡೆ ನೋಡಿ, ಸುತ್ತ ಬೆಟ್ಟಗಳಿವೆ, ನಡುವೆ ದಟ್ಟ ಕೃಷಿ ಮತ್ತು ಪಶುಪಾಲನೆ ಇದೆ, ಹೆದ್ದಾರಿಗಳಿವೆ. ಅಮೋನಿಯಾ, ನೈಟ್ರೋಜನ್ ಆಕ್ಸೈಡ್, ನಿಂತ ಗಾಳಿ ಎಲ್ಲವೂ ಒಂದೇ ಬಟ್ಟಲಿನಲ್ಲಿ.

ಆದರೆ ನೈಟ್ರೇಟ್ ಬರೀ ಕೊರೆಯುವ ಚಳಿಯ ಸಂಗತಿ ಎಂದುಕೊಂಡರೆ ಇನ್ನೊಂದು ಋತು ಕೈತಪ್ಪುತ್ತದೆ. 2014ರ ಮಾರ್ಚ್‌ನಲ್ಲಿ ಪ್ಯಾರಿಸ್ ನಗರ ದಟ್ಟ ಮಬ್ಬಿನಲ್ಲಿ ಮುಳುಗಿ, ಮಾರ್ಚ್ 17ರಂದು ಸಮ-ಬೆಸ ಸಂಖ್ಯೆಯ ಪ್ರಕಾರ ವಾಹನ ಸಂಚಾರ ನಿರ್ಬಂಧಿಸಬೇಕಾಯಿತು. ಅದು ನಡುಚಳಿಗಾಲವಲ್ಲ, ವಸಂತದ ಹೊಸ್ತಿಲು. ಯುರೋಪಿನ ಹೊಲಗಳಿಗೆ ಗೊಬ್ಬರ ಹಾಕುವ ಕಾಲ. ರಾತ್ರಿಗಳು ಇನ್ನೂ ತಂಪು, ಹಗಲಿನ ಬಿಸಿಲು ಆಗಲೇ ಚುರುಕು. ನಗರದ ವಾಹನಗಳಿಂದ ಆಮ್ಲ, ಹಳ್ಳಿಗಾಡಿನ ಹೊಲಗಳಿಂದ ಅಮೋನಿಯಾ. ಆ ದಿನಗಳ ಕಣಗಳಲ್ಲಿ ಅಮೋನಿಯಂ ನೈಟ್ರೇಟ್ ದೊಡ್ಡ ಪಾಲು ಪಡೆದಿತ್ತು. ನಗರ ಮಾತ್ರ ತನ್ನ ಕೈಯಲ್ಲಿದ್ದದ್ದನ್ನು, ಅಂದರೆ ವಾಹನಗಳನ್ನು, ತಡೆಯಿತು. ಹೊಲದ ಅಮೋನಿಯಾ ಅದರ ಆಡಳಿತದ ಗಡಿಯೊಳಗೆ ಇರಲೇ ಇಲ್ಲ.

ಇಲ್ಲಿ ಅಳತೆಯ ಬಗ್ಗೆ ಒಂದು ಸಣ್ಣ ಕವಲು ದಾರಿ ಹಿಡಿಯುತ್ತೇನೆ, ಏಕೆಂದರೆ ಇದು ಬಹಳ ಮಂದಿಯನ್ನು ಯಾಮಾರಿಸಿದೆ. ನೈಟ್ರೇಟ್ ಬಿಸಿಗೆ ಆವಿಯಾಗುತ್ತದೆ ಎಂದೆ. ಫಿಲ್ಟರ್ ಮೇಲೆ ಕುಳಿತ ನೈಟ್ರೇಟಿಗೂ ಅದೇ ನಿಯಮ. ರಾತ್ರಿಯ ತಂಪಿನಲ್ಲಿ ಹಿಡಿದದ್ದು ಮಧ್ಯಾಹ್ನದ ಬಿಸಿಗೆ ಫಿಲ್ಟರ್‌ನಿಂದಲೇ ಹಾರಿಹೋಗುತ್ತದೆ. ಉಳಿದದ್ದನ್ನು ಪ್ರಯೋಗಾಲಯಕ್ಕೆ ತಂದು ತೂಗುವ ಕೋಣೆಯಲ್ಲಿ ಇಟ್ಟಾಗಲೂ ಸವೆಯುತ್ತದೆ. ಅದಕ್ಕಾಗಿಯೇ ಅಮೆರಿಕದ ನಿಯಮ ತೂಗುವ ಕೋಣೆಯ ಉಷ್ಣತೆ 20ರಿಂದ 23 ಡಿಗ್ರಿ, ತೇವಾಂಶ 30ರಿಂದ 40 ಶೇಕಡಾ ಇರಲೇಬೇಕು ಎನ್ನುತ್ತದೆ. ಇನ್ನು ತೂಕವನ್ನು ನಿರಂತರವಾಗಿ ತೋರಿಸುವ ಒಂದು ಬಗೆಯ ಯಂತ್ರವಿತ್ತು. ಗಾಳಿಯಲ್ಲಿನ ನೀರು ತೂಕಕ್ಕೆ ಸೇರದಿರಲಿ ಎಂದು ಅದು ಮಾದರಿಯನ್ನು 50 ಡಿಗ್ರಿಗೆ ಕಾಯಿಸುತ್ತಿತ್ತು. ನೀರಿನ ಜೊತೆ ನೈಟ್ರೇಟೂ ಹೋಗುತ್ತಿತ್ತು. ಫಲವಾಗಿ ಮಾಲಿನ್ಯ ಅತಿ ಹೆಚ್ಚಿದ್ದ ಚಳಿಗಾಲದಲ್ಲೇ ಯಂತ್ರ ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತಿತ್ತು. ಆಮೇಲೆ ತಿದ್ದುಪಡಿಯ ವ್ಯವಸ್ಥೆಗಳು ಬಂದವು. ಹಳೆಯ ದಾಖಲೆಗಳನ್ನು ಹೊಸ ದಾಖಲೆಗಳ ಜೊತೆ ಹೋಲಿಸುವವರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಸಲ್ಫೇಟಿನ ಸ್ವಭಾವ ಬೇರೆ. ಒಮ್ಮೆ ಕಣವಾದರೆ ವಾತಾವರಣದ ಯಾವ ಸೆಕೆಗೂ ಅದು ಮತ್ತೆ ಅನಿಲವಾಗುವುದಿಲ್ಲ. ಹಾಗಾಗಿ ಅದರ ಋತುಚಕ್ರ ನಿಂತಿರುವುದು ತಯಾರಿಯ ವೇಗದ ಮೇಲೆ. ಕಲ್ಲಿದ್ದಲಿನ ಗಂಧಕ ಉರಿದು ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಬಿಸಿಲಿನಲ್ಲಿ ಹೈಡ್ರಾಕ್ಸಿಲ್ ಅದನ್ನು ದಿನಗಟ್ಟಲೆ ಸಮಯ ತೆಗೆದುಕೊಂಡು ಸಲ್ಫ್ಯೂರಿಕ್ ಆಮ್ಲವಾಗಿಸುತ್ತದೆ. ಮೋಡದ ಹನಿಯೊಳಗೆ ಹೈಡ್ರೋಜನ್ ಪೆರಾಕ್ಸೈಡ್ ಸಿಕ್ಕರೆ ಅದೇ ಕೆಲಸ ಗಂಟೆಗಳೊಳಗೆ ಮುಗಿಯುತ್ತದೆ. ಪೆರಾಕ್ಸೈಡ್ ಕೂಡ ಬಿಸಿಲಿನ ಕೂಸು. ಆದ್ದರಿಂದಲೇ ಅಮೆರಿಕದ ಪೂರ್ವ ಭಾಗದಲ್ಲಿ ದಶಕಗಳ ಕಾಲ ಸಲ್ಫೇಟ್ ಬೇಸಿಗೆಯಲ್ಲಿ ಶಿಖರ ಮುಟ್ಟುತ್ತಿತ್ತು. 1990ರ ಶುದ್ಧ ಗಾಳಿ ಕಾಯ್ದೆಯ ತಿದ್ದುಪಡಿಯ ನಂತರ ವಿದ್ಯುತ್ ಸ್ಥಾವರಗಳ ಗಂಧಕ ಇಳಿದಂತೆ ಆ ಬೇಸಿಗೆಯ ಶಿಖರವೂ ತಗ್ಗಿತು.

ಹಾಗಾದರೆ 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನನ್ನು ಮುತ್ತಿದ ಹೊಗೆಮಂಜು? ಬಿಸಿಲೇ ಇರಲಿಲ್ಲ, ಆದರೂ ಗಾಳಿಯಲ್ಲಿ ಸಲ್ಫ್ಯೂರಿಕ್ ಆಮ್ಲ ತುಂಬಿತ್ತು. ಸುಮಾರು 4,000 ಮಂದಿ ಹೆಚ್ಚಾಗಿ ಸತ್ತರು ಎಂದು ಆಗ ಲೆಕ್ಕ ಹಾಕಲಾಯಿತು. ನಂತರದ ಅಂದಾಜುಗಳು ಸುಮಾರು 12,000ದವರೆಗೆ ಹೋದವು. ಬ್ರಿಟನ್ನಿನ 1956ರ ಶುದ್ಧ ಗಾಳಿ ಕಾಯ್ದೆಗೆ ಈ ದುರಂತವೇ ಪ್ರೇರಣೆ. ಬಿಸಿಲಿಲ್ಲದೆ ಇಷ್ಟು ಆಮ್ಲ ಹೇಗೆ ಹುಟ್ಟಿತು ಎಂಬ ಪ್ರಶ್ನೆಗೆ 2016ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಹೇಳಿದ ಉತ್ತರ ಇದು: ಮಂಜಿನ ಹನಿಗಳಲ್ಲಿ ಕರಗಿದ ನೈಟ್ರೋಜನ್ ಡೈಆಕ್ಸೈಡ್ ಸಲ್ಫರ್ ಡೈಆಕ್ಸೈಡನ್ನು ಉತ್ಕರ್ಷಿಸಿತು. ಎರಡೂ ಕಲ್ಲಿದ್ದಲಿನ ಒಲೆಯಿಂದಲೇ ಬಂದವು. ಅಂದರೆ ಸಲ್ಫೇಟಿಗೆ ಬೇಸಿಗೆಯಲ್ಲಿ ಒಂದು ಕಾರ್ಖಾನೆ, ಚಳಿಗಾಲದಲ್ಲಿ ಇನ್ನೊಂದು. ಬೇಸಿಗೆಯದು ಬಿಸಿಲಿನಿಂದ ನಡೆಯುತ್ತದೆ, ಚಳಿಗಾಲದ್ದು ಒದ್ದೆ ಹನಿಗಳಲ್ಲಿ.

ಕ್ಲೋರೈಡ್ ಬಗ್ಗೆ ಒಂದೆರಡು ಮಾತು. ಸಮುದ್ರದಿಂದ ಸಾವಿರ ಕಿಲೋಮೀಟರ್ ದೂರದ ದೆಹಲಿಯಲ್ಲಿ ಚಳಿಗಾಲದ ಮುಂಜಾನೆಗಳಲ್ಲಿ ಕಣಗಳೊಳಗೆ ಕ್ಲೋರೈಡ್ ವಿಪರೀತ ಏರುತ್ತದೆ. ಕಡಲಿನ ಉಪ್ಪಿನಿಂದ ಅದು ಬಂದಿರಲಾರದು. ಪ್ಲಾಸ್ಟಿಕ್ ಸೇರಿದ ಕಸ ಸುಡುವುದರಿಂದ ಮತ್ತು ಕೈಗಾರಿಕೆಗಳಿಂದ ಹೊರಬರುವ ಹೈಡ್ರೋಕ್ಲೋರಿಕ್ ಆಮ್ಲ ಅಮೋನಿಯಾದೊಂದಿಗೆ ಸೇರಿ ಅಮೋನಿಯಂ ಕ್ಲೋರೈಡ್ ಆಗುತ್ತದೆ. ಅದೂ ನೈಟ್ರೇಟಿನಂತೆಯೇ ಚಳಿಯನ್ನು ನೆಚ್ಚಿದ ಲವಣ. ಈ ಕ್ಲೋರೈಡ್ ನೀರು ಹೀರಿ ಕಣಗಳನ್ನು ಊದಿಸಿ, ಮಬ್ಬು ಮತ್ತು ಮಂಜನ್ನು ಹೆಚ್ಚಿಸುತ್ತದೆ ಎಂಬುದನ್ನು ಐಐಟಿ ಮದ್ರಾಸ್ ನೇತೃತ್ವದ ತಂಡವೊಂದು 2021ರಲ್ಲಿ ತೋರಿಸಿತು. ಬೇಸಿಗೆಯ ಮಾದರಿಗಳನ್ನಷ್ಟೇ ಪರೀಕ್ಷಿಸಿದವರಿಗೆ ಇಂಥ ಸಮಸ್ಯೆ ಇದೆ ಎಂಬುದೇ ತಿಳಿಯುವುದಿಲ್ಲ.

ಈಗ ಸಾವಯವ ಪದಾರ್ಥಕ್ಕೆ ಬರೋಣ. ಇದು ಸಾವಿರಾರು ಸಂಯುಕ್ತಗಳ ಗುಂಪು, ನಾವು ಒಂದೇ ಹೆಸರಿನಲ್ಲಿ ಬರೆದುಬಿಡುತ್ತೇವೆ. ಬೇಸಿಗೆಯಲ್ಲೂ ಸಾವಯವ ಪಾಲು ದೊಡ್ಡದು, ಚಳಿಗಾಲದಲ್ಲೂ ದೊಡ್ಡದು. ಅಂಕಿ ನೋಡಿದರೆ ಋತುವಿನ ಪ್ರಭಾವವೇ ಇಲ್ಲ ಎನಿಸಬಹುದು. ಒಳಗೆ ಇಣುಕಿದರೆ ಎರಡೂ ಬೇರೆ ಬೇರೆ.

ಬೇಸಿಗೆಯದನ್ನು ಬಹುಪಾಲು ಮರಗಳು ಆರಂಭಿಸುತ್ತವೆ. 1960ರಲ್ಲಿ ಫ್ರಿಟ್ಸ್ ವೆಂಟ್ ಎಂಬ ಸಸ್ಯವಿಜ್ಞಾನಿ, ಬೇಸಿಗೆಯಲ್ಲಿ ಕಾಡುಗಳ ಮೇಲೆ ಕವಿಯುವ ನೀಲಿ ಮಬ್ಬು ಗಿಡಮರಗಳು ಬಿಟ್ಟ ಟರ್ಪೀನ್ ಆವಿಗಳಿಂದ ಬಂದದ್ದು ಎಂದು ಬರೆದರು. ಇಂದು ನಮಗೆ ಗೊತ್ತಿರುವಂತೆ ಭೂಮಿಯ ಸಸ್ಯಗಳು ವರ್ಷಕ್ಕೆ ಸುಮಾರು 50 ಕೋಟಿ ಟನ್ ಐಸೊಪ್ರೀನ್ ಎಂಬ ಇನ್ನೊಂದು ಆವಿಯನ್ನು ಬಿಡುತ್ತವೆ. ಬಿಸಿಲು ಮತ್ತು ಸೆಕೆ ಏರಿದಂತೆ ಅದು ಏರುತ್ತದೆ, ರಾತ್ರಿ ಬಹುತೇಕ ನಿಲ್ಲುತ್ತದೆ. ಅದರಿಂದಲೂ ಕಣಗಳು ಹುಟ್ಟುತ್ತವೆ ಎಂದು ಬಹುಕಾಲ ಯಾರೂ ನಂಬಿರಲಿಲ್ಲ. 2004ರಲ್ಲಿ ಅಮೆಜಾನ್ ಕಾಡಿನ ಕಣಗಳಲ್ಲಿ ಮೀಥೈಲ್‌ಟೆಟ್ರಾಲ್ ಎಂಬ ಸಂಯುಕ್ತಗಳು ಸಿಕ್ಕ ಮೇಲೆ ನಂಬಬೇಕಾಯಿತು. ಹಾಗೆಂದು ಮರಗಳನ್ನು ದೂರಬೇಡಿ, ದಯವಿಟ್ಟು. ಆ ಆವಿ ಕಣವಾಗುವ ರೀತಿಯಲ್ಲಿ ಮನುಷ್ಯರು ಬಿಟ್ಟ ನೈಟ್ರೋಜನ್ ಆಕ್ಸೈಡ್ ಮತ್ತು ಸಲ್ಫೇಟ್‌ಗಳ ಕೈವಾಡ ದೊಡ್ಡದು. ಗಂಧಕ ಇಳಿದ ಕಡೆ ಐಸೊಪ್ರೀನ್‌ನಿಂದ ಹುಟ್ಟುವ ಕಣಗಳೂ ಇಳಿಯುತ್ತವೆ.

ಬಿಸಿಲು ಅನಿಲಗಳನ್ನು ಬೇರೆಯದಾಗಿಸುತ್ತದೆ ಎಂಬುದನ್ನು ಮೊದಲು ಮನದಟ್ಟು ಮಾಡಿಸಿದವರು ಆರಿ ಹಾಗನ್-ಸ್ಮಿಟ್. ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಅವರು ಅನಾನಸ್ ಹಣ್ಣಿನ ಪರಿಮಳಕ್ಕೆ ಕಾರಣವಾದ ಆವಿಗಳನ್ನು ತಂಪುಗೊಳಿಸಿ ಹಿಡಿದು ವಿಶ್ಲೇಷಿಸುತ್ತಿದ್ದರು. ಅದೇ ವಿಧಾನವನ್ನು ಲಾಸ್ ಏಂಜಲೀಸ್‌ನ ಕಣ್ಣು ಉರಿಸುವ ಗಾಳಿಗೆ ಅನ್ವಯಿಸಿದರು. ವಾಹನ ಮತ್ತು ತೈಲ ಸಂಸ್ಕರಣಾಗಾರಗಳ ಹೈಡ್ರೋಕಾರ್ಬನ್ನುಗಳು, ನೈಟ್ರೋಜನ್ ಆಕ್ಸೈಡ್‌ಗಳು ಬಿಸಿಲಿನಲ್ಲಿ ಓಝೋನ್ ಆಗುತ್ತವೆ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿದರು. ಲಂಡನ್ನಿನದು ಚಳಿಗಾಲದ ಹೊಗೆ, ಲಾಸ್ ಏಂಜಲೀಸ್‌ನದು ಬಿಸಿಲಿನ ಹೊಗೆ. ಒಂದೇ ದಶಕದಲ್ಲಿ ಜಗತ್ತು ಎರಡನ್ನೂ ಕಂಡಿತು.

ಚಳಿಗಾಲದ ಸಾವಯವ ಪಾಲಿನಲ್ಲಿ ಮುಖ್ಯವಾಗಿ ಸಿಗುವುದು ಹೊಗೆ. ಕಟ್ಟಿಗೆ, ಬೆಳೆಯ ಕೂಳೆ, ಎಲೆ ಸುಟ್ಟಾಗ ಸೆಲ್ಯುಲೋಸ್ ಒಡೆದು ಲೆವೊಗ್ಲುಕೋಸಾನ್ ಎಂಬ ಸಕ್ಕರೆಯಂಥ ವಸ್ತು ಹುಟ್ಟುತ್ತದೆ. ಡೀಸೆಲ್ ಉರಿದರೆ ಅದು ಬರುವುದಿಲ್ಲ. ಫಿಲ್ಟರಿನಲ್ಲಿ ಅದು ಕಂಡರೆ ಸಸ್ಯ ಪದಾರ್ಥ ಸುಟ್ಟಿದೆ ಎಂದು ಧೈರ್ಯವಾಗಿ ಹೇಳಬಹುದು. ಇದೇ ಬಗೆಯ ಗುರುತು ಮಳೆಗಾಲಕ್ಕೂ ಇದೆ. ಅರಾಬಿಟಾಲ್ ಮತ್ತು ಮ್ಯಾನಿಟಾಲ್ ಎಂಬ ಸಕ್ಕರೆಯಂಥ ಸಂಯುಕ್ತಗಳು (ಶುಗರ್ ಆಲ್ಕೊಹಾಲ್) ಶಿಲೀಂಧ್ರದ ಬೀಜಕಗಳಲ್ಲಿ ಇರುತ್ತವೆ, ಒದ್ದೆ ಕಾಲದಲ್ಲಿ ಕಣಗಳಲ್ಲಿ ಅವುಗಳ ಪಾಲು ಏರುತ್ತದೆ. ಮಳೆಗಾಲದ ಗಾಳಿ ಶುದ್ಧ ಎನ್ನುತ್ತೇವೆ. ತೂಕದಲ್ಲಿ ಹೌದು. ಒಳಗಿರುವುದು ಮಾತ್ರ ಬೇರೆ.

ಮಳೆಯ ಮಾತು ಬಂದಿದ್ದರಿಂದ ಹೇಳಿಬಿಡುತ್ತೇನೆ. ಬೀಳುವ ಹನಿ ದಪ್ಪ ದೂಳನ್ನು ಡಿಕ್ಕಿ ಹೊಡೆದು ಹಿಡಿಯುತ್ತದೆ, ಅತಿ ಸಣ್ಣ ಕಣಗಳು ತಾವೇ ಅಲೆದಾಡಿ ಹನಿಗೆ ಅಂಟುತ್ತವೆ. 0.1ರಿಂದ 1 ಮೈಕ್ರೋಮೀಟರ್ ನಡುವಿನವು ಎರಡೂ ಬಗೆಯಲ್ಲಿ ತಪ್ಪಿಸಿಕೊಳ್ಳುತ್ತವೆ. ನಮ್ಮ ಸಲ್ಫೇಟ್, ನೈಟ್ರೇಟ್, ಹೊಗೆ ಕಣಗಳಲ್ಲಿ ಹೆಚ್ಚಿನವು ಇದೇ ಅಳತೆಯವು. ಇವನ್ನು ತೆಗೆಯುವುದು ಹೆಚ್ಚಾಗಿ ಮೋಡದೊಳಗಿನ ಕೆಲಸ. ನೀರಿಗೆ ಒಲಿಯುವ ಲವಣಗಳು ಮೋಡದ ಹನಿಗೆ ಬೀಜವಾಗಿ ಮಳೆಯೊಂದಿಗೆ ಇಳಿಯುತ್ತವೆ. ಆಗಷ್ಟೇ ಹೊರಬಂದ ಮಸಿ ನೀರಿಗೆ ಒಲಿಯದು, ಹಾಗಾಗಿ ತಪ್ಪಿಸಿಕೊಳ್ಳುತ್ತದೆ.

ದೂಳು ಮತ್ತು ಕಡಲಿನ ವಿಷಯ ಬೇಗ ಮುಗಿಸುತ್ತೇನೆ. ಗೋಬಿ ಮತ್ತು ತಕ್ಲಮಕಾನ್ ಮರುಭೂಮಿಗಳ ದೂಳು ವಸಂತದಲ್ಲಿ ಚೀನಾ, ಕೊರಿಯಾ, ಜಪಾನ್‌ಗಳನ್ನು ಮುಟ್ಟುತ್ತದೆ. ಸಹಾರಾದ ದೂಳು ಬೇಸಿಗೆಯಲ್ಲಿ ಅಟ್ಲಾಂಟಿಕ್ ದಾಟಿ ಕೆರಿಬಿಯನ್ ತಲುಪಿದರೆ, ಚಳಿಗಾಲ ಮತ್ತು ವಸಂತದಲ್ಲಿ ಇನ್ನಷ್ಟು ದಕ್ಷಿಣಕ್ಕೆ ಸರಿದು ಅಮೆಜಾನ್‌ಗೆ ಹೋಗುತ್ತದೆ. ದೂಳಿನಲ್ಲಿ ಸಿಲಿಕಾನ್, ಅಲ್ಯೂಮಿನಿಯಂ, ಕಬ್ಬಿಣ, ಕ್ಯಾಲ್ಸಿಯಂ ಇರುತ್ತವೆ. ಇದರಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಒಂದಿದೆ. ಬೇಸಿಗೆಯಲ್ಲಿ ಸಣ್ಣ ಕಣದಿಂದ ಆವಿಯಾದ ನೈಟ್ರಿಕ್ ಆಮ್ಲ ಎಲ್ಲಿಗೆ ಹೋಗುತ್ತದೆ? ದೂಳಿನ ಕ್ಯಾಲ್ಸಿಯಂ ಕಾರ್ಬೊನೇಟ್ ಸಿಕ್ಕರೆ ಅದರ ಮೇಲೆ ಕ್ಯಾಲ್ಸಿಯಂ ನೈಟ್ರೇಟ್ ಆಗಿ ಕೂರುತ್ತದೆ. ಕಡಲ ಉಪ್ಪು ಸಿಕ್ಕರೆ ಕ್ಲೋರೈಡನ್ನು ಹೊರದಬ್ಬಿ ಸೋಡಿಯಂ ನೈಟ್ರೇಟ್ ಆಗುತ್ತದೆ. ಇವು ಬಿಸಿಗೆ ಹಾರುವುದಿಲ್ಲ, ಆದರೆ ದಪ್ಪ ಕಣಗಳಲ್ಲಿವೆ. ಪಿಎಂ 2.5 ಫಿಲ್ಟರ್ ಅಷ್ಟನ್ನೇ ನೋಡಿದವರಿಗೆ ಬೇಸಿಗೆಯಲ್ಲಿ ನೈಟ್ರೇಟ್ ಮಾಯವಾದಂತೆ ಕಾಣುತ್ತದೆ. ಅದರ ಒಂದು ಪಾಲು ಪಕ್ಕದ ಮನೆಗೆ ಹೋಗಿ ಕುಳಿತಿರುತ್ತದೆ. ಕಡಲಿಗೂ ತನ್ನದೇ ಬೇಸಿಗೆ ಇದೆ. ನೀರಿನಲ್ಲಿ ತೇಲುವ ಸೂಕ್ಷ್ಮ ಪ್ಲವಕ ಸಸ್ಯಗಳು ಹುಲುಸಾಗಿ ಬೆಳೆದಾಗ ಡೈಮೀಥೈಲ್ ಸಲ್ಫೈಡ್ ಎಂಬ ಅನಿಲ ಏಳುತ್ತದೆ, ಅದು ಉತ್ಕರ್ಷಣೆಗೊಂಡು ಮೀಥೇನ್‌ಸಲ್ಫೋನಿಕ್ ಆಮ್ಲ ಮತ್ತು ಸಲ್ಫೇಟ್ ಆಗುತ್ತದೆ. ಯಾವ ಕಾರ್ಖಾನೆಯೂ ಇಲ್ಲದ ದಕ್ಷಿಣ ಸಾಗರದ ಕಣಗಳಲ್ಲೂ ಹೀಗೆ ಋತುಚಕ್ರ ಎದ್ದು ಕಾಣುತ್ತದೆ.

ಇಷ್ಟೆಲ್ಲ ಏಕೆ ಹೇಳಿದೆನೆಂದರೆ, ಕಣಗಳನ್ನು ತಗ್ಗಿಸುವ ಕ್ರಮಗಳು ಇದರ ಮೇಲೆ ನಿಂತಿವೆ. ಅಮೋನಿಯಾ ಮೊದಲು ಸಲ್ಫ್ಯೂರಿಕ್ ಆಮ್ಲವನ್ನು ಹಿಡಿಯುತ್ತದೆ. ಅದು ತೀರಿದ ಮೇಲೆ ಉಳಿದದ್ದು ನೈಟ್ರಿಕ್ ಆಮ್ಲಕ್ಕೆ. ಆದ್ದರಿಂದ ಗಂಧಕವನ್ನು ಮಾತ್ರ ಇಳಿಸಿದರೆ ಬಿಡುಗಡೆಯಾದ ಅಮೋನಿಯಾ, ಚಳಿಗಾಲದಲ್ಲಿ, ನೈಟ್ರೇಟನ್ನು ಹೆಚ್ಚಿಸಬಲ್ಲದು. ಗಂಧಕ ಇಳಿಸುವುದು ಬೇಡವೆಂದು ಇದರ ಅರ್ಥವಲ್ಲ. ಬೇಸಿಗೆಯಲ್ಲಿ ಅದರ ಪೂರ್ಣ ಲಾಭ ಸಿಗುತ್ತದೆ, ಚಳಿಗಾಲದಲ್ಲಿ ಅಷ್ಟು ಸಿಗುವುದಿಲ್ಲ, ಅಷ್ಟೇ. ಬೀಜಿಂಗ್ ಇದಕ್ಕೆ ಸಾಕ್ಷಿ. ಗಾಳಿ ಶುದ್ಧ ಮಾಡುವ 2013ರ ಕ್ರಿಯಾ ಯೋಜನೆಯ ನಂತರ ಅಲ್ಲಿನ ಪಿಎಂ 2.5ರ ವಾರ್ಷಿಕ ಸರಾಸರಿ 90ರ ಸಮೀಪದಿಂದ 2017ರಲ್ಲಿ 58ಕ್ಕೆ ಇಳಿಯಿತು. ದೊಡ್ಡ ಸಾಧನೆಯೇ ಸರಿ. ಸಲ್ಫೇಟ್ ತೀವ್ರವಾಗಿ ಕುಸಿಯಿತು, ನೈಟ್ರೇಟ್ ಅಷ್ಟು ಕುಸಿಯಲಿಲ್ಲ. ಹಾಗಾಗಿ ಉಳಿದ ಕಣಗಳಲ್ಲಿ ನೈಟ್ರೇಟ್ ಪಾಲೇ ಮೇಲುಗೈ ಪಡೆಯಿತು.

2020ರ ಆರಂಭದ ಕೋವಿಡ್ ಲಾಕ್‌ಡೌನ್ ಇನ್ನೂ ಕಠಿಣ ಪಾಠ ಕಲಿಸಿತು. ವಾಹನಗಳು ನಿಂತು ನೈಟ್ರೋಜನ್ ಆಕ್ಸೈಡ್‌ಗಳು ಹಠಾತ್ತನೆ ಇಳಿದಿದ್ದರೂ ಉತ್ತರ ಚೀನಾದಲ್ಲಿ ದಟ್ಟ ಮಬ್ಬು ಕವಿಯಿತು. ನಿಂತ ಗಾಳಿ, ಹೆಚ್ಚಿನ ತೇವಾಂಶ ಕಾರಣ ಹೌದು. ಜೊತೆಗೆ, ಚಳಿಗಾಲದ ನಗರದಲ್ಲಿ ನೈಟ್ರೋಜನ್ ಆಕ್ಸೈಡ್ ತುಂಬಿದ್ದಾಗ ಅದು ಓಝೋನನ್ನು ತಿಂದುಹಾಕುತ್ತಿರುತ್ತದೆ. ಅದು ಇಳಿದಾಗ ಓಝೋನ್ ಏರಿತು, ಉತ್ಕರ್ಷಣೆ ಚುರುಕಾಯಿತು, ಉಳಿದ ಅನಿಲಗಳು ಹೆಚ್ಚು ದಕ್ಷವಾಗಿ ಕಣಗಳಾದವು. ಇದನ್ನು ಕೇಳಿ "ವಾಹನ ನಿಲ್ಲಿಸಿ ಪ್ರಯೋಜನವಿಲ್ಲ" ಎಂದು ಹೇಳುವವರಿದ್ದಾರೆ. ಅದು ತಪ್ಪು ತೀರ್ಮಾನ. ನೈಟ್ರೋಜನ್ ಆಕ್ಸೈಡ್, ಸಾವಯವ ಆವಿಗಳು, ಅಮೋನಿಯಾ ಮೂರನ್ನೂ ಕೂಡಿಸಿ ಇಳಿಸಬೇಕು, ಅದೂ ಆಯಾ ಋತುವಿನಲ್ಲಿ ಯಾವುದು ಕೊರತೆಯಲ್ಲಿದ್ದು ಕಣ ಎಷ್ಟು ಹುಟ್ಟಬೇಕೆಂದು ನಿರ್ಧರಿಸುತ್ತಿದೆ ಎಂದು ನೋಡಿ ಇಳಿಸಬೇಕು ಎಂಬುದು ಸರಿಯಾದ ತೀರ್ಮಾನ.

ದಿನಾಂಕ ಕೆಲವು ವಾರ ಸರಿದರೂ ಎಷ್ಟು ವ್ಯತ್ಯಾಸವಾಗುತ್ತದೆ ನೋಡಿ. ಅಂತರ್ಜಲ ಉಳಿಸಲು ಪಂಜಾಬ್ 2009ರಲ್ಲಿ ಕಾಯ್ದೆ ತಂದು, ಜೂನ್ 10ಕ್ಕೆ ಮೊದಲು ಭತ್ತದ ನಾಟಿ ಮಾಡುವಂತಿಲ್ಲ ಎಂದಿತು. ಉದ್ದೇಶ ಒಳ್ಳೆಯದೇ. ನಾಟಿ ತಡವಾದ್ದರಿಂದ ಕೊಯ್ಲು ತಡ, ಕೂಳೆ ಸುಡುವುದೂ ತಡವಾಗಿ ನವೆಂಬರ್‌ನತ್ತ ಸರಿಯಿತು. ಅಷ್ಟರಲ್ಲಿ ಉತ್ತರದ ಬಯಲಿನಲ್ಲಿ ಗಾಳಿ ಮಂದವಾಗಿ ಮಿಶ್ರಣ ಪದರ ತಗ್ಗಿರುತ್ತದೆ, ರಾತ್ರಿಗಳು ತಣ್ಣಗಾಗಿರುತ್ತವೆ. ಅದೇ ಹೊಗೆ, ಆದರೆ ಲವಣಗಳು ಕಣವಾಗಿ ನಿಲ್ಲಲು ಅನುಕೂಲವಾದ ಗಾಳಿಗೆ ಬಂದು ಬೀಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ರ ವಾರ್ಷಿಕ ಮಾರ್ಗಸೂಚಿಯನ್ನು 10ರಿಂದ 5 ಮೈಕ್ರೋಗ್ರಾಂಗೆ ಇಳಿಸಿತು. ಅದೂ ತೂಕವೇ. ಕಪ್ಪು ಇಂಗಾಲ, ಅತಿಸೂಕ್ಷ್ಮ ಕಣಗಳು, ಮರಳು-ದೂಳಿನ ಬಿರುಗಾಳಿಗೆ ಅಂಕಿಯ ಮಿತಿ ಹಾಕದೆ, ಅಳೆಯಿರಿ, ತಗ್ಗಿಸಿ ಎಂಬ ಸಲಹೆಯಷ್ಟನ್ನೇ ನೀಡಿತು. ಯುರೋಪಿಯನ್ ಒಕ್ಕೂಟ 2024ರಲ್ಲಿ ಪರಿಷ್ಕರಿಸಿದ ತನ್ನ ನಿರ್ದೇಶನದಲ್ಲಿ, ಕೆಲವು ಕೇಂದ್ರಗಳು ತೂಕದ ಜೊತೆಗೆ ರಾಸಾಯನಿಕ ಸಂಯೋಜನೆಯನ್ನೂ ಅಮೋನಿಯಾವನ್ನೂ ಅಳೆಯಬೇಕೆಂದು ಕಡ್ಡಾಯ ಮಾಡಿದೆ. ತೂಕದ ಮಿತಿ ಬೇಡವೆಂದು ನಾನು ಹೇಳುತ್ತಿಲ್ಲ. ಜನರ ಪ್ರಾಣ ಉಳಿಸಿರುವುದು ಅದೇ ಮಿತಿ. ಆದರೆ ಆ ಮಿತಿಗೆ ಇಳಿಯುವ ದಾರಿ ತೂಕದಲ್ಲಿ ಕಾಣುವುದಿಲ್ಲ, ಸಂಯೋಜನೆಯಲ್ಲಿ ಕಾಣುತ್ತದೆ.

ನಿಮ್ಮಲ್ಲಿ ಕೆಲವರು ವಿದ್ಯಾರ್ಥಿಗಳು, ಕೆಲವರು ಪತ್ರಕರ್ತರು, ಕೆಲವರು ನಾಗರಿಕ ಸಂಘಟನೆಗಳಲ್ಲಿ ಇದ್ದೀರಿ. "ಈ ನಗರದ ಕಣಗಳಲ್ಲಿ ವಾಹನಗಳದು ಇಷ್ಟು, ದೂಳಿನದು ಇಷ್ಟು" ಎಂಬ ವರದಿ ನಿಮ್ಮ ಕೈಗೆ ಬಂದಾಗ ಮೊದಲು ಹುಡುಕಬೇಕಾದದ್ದು ಫಿಲ್ಟರ್‌ಗಳನ್ನು ಯಾವ ತಿಂಗಳುಗಳಲ್ಲಿ ಹಿಡಿದರು ಎಂಬುದನ್ನು. ಒಂದೇ ಋತುವಿನದಾದರೆ ಆ ಪಾಲುಗಳನ್ನು ಇಡೀ ವರ್ಷಕ್ಕೆ ಹಚ್ಚಬೇಡಿ. ಎರಡನೆಯದಾಗಿ, ದ್ವಿತೀಯಕ ಲವಣಗಳನ್ನು ಪ್ರತ್ಯೇಕವಾಗಿ ತೋರಿಸಿದ್ದಾರೆಯೇ, ಅಥವಾ ಯಾವುದೋ ಒಂದು ಮೂಲದ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದಾರೆಯೇ ನೋಡಿ. ಅಮೋನಿಯಾವನ್ನು ಅಳೆದಿದ್ದಾರೆಯೇ ಎಂದು ಕೇಳಿ. ಕೊನೆಯದಾಗಿ ನೈಟ್ರೇಟ್ ಅಳೆದ ಬಗೆ. ಮೊದಲು ಅನಿಲರೂಪದ ಆಮ್ಲವನ್ನು ತೆಗೆದು, ಆಮೇಲೆ ಕಣಗಳನ್ನು ನೈಲಾನ್ ಫಿಲ್ಟರ್ ಮೇಲೆ ಹಿಡಿದಿದ್ದರೆ ಆವಿಯಾದದ್ದೂ ಅಲ್ಲೇ ಸಿಕ್ಕಿಬೀಳುತ್ತದೆ, ಆ ಅಂಕಿಯನ್ನು ನೆಚ್ಚಬಹುದು. ಬರೀ ಟೆಫ್ಲಾನ್ ಫಿಲ್ಟರ್ ಬಳಸಿದ್ದರೆ, ಬಿಸಿ ತಿಂಗಳುಗಳ ನೈಟ್ರೇಟ್ ಅಂಕಿಯನ್ನು "ಕನಿಷ್ಠ ಇಷ್ಟಿತ್ತು" ಎಂದಷ್ಟೇ ಓದಿಕೊಳ್ಳಿ.